ಗಾಜಿನ ಬಿರಡೆಗೆ ಉಂಗುರದ ಅಳತೆ

ನಿನ್ನೆ ಕುಕ್ಕರಿಗೆ ಹೊಸ ರಬ್ಬರ್ ರಿಂಗು ಹಾಕಿದೆ. ಮೊದಲ ಸೀಟಿಗೇ ಅನ್ನದ ಜೊತೆ ಬಿಸಿ ರಬ್ಬರಿನ ವಾಸನೆಯೂ ಬಂತು ನೋಡಿ, ಒಲೆಯ ಮುಂದೆ ಒಬ್ಬಳೇ ನಿಂತು ನಗತೊಡಗಿದೆ. ನಿಮಗೆ ಆ ವಾಸನೆ ಹೇಗೋ ಏನೋ. ನನಗೆ ಮಾತ್ರ ಅದು ಗುಲಾಬಿ ನೀರಿನ ವಾಸನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಯಾದಗಿರಿಯ ಕಾನ್ವೆಂಟಿನಲ್ಲಿ ಓದುವಾಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೋಣೆ ಪ್ರಯೋಗಶಾಲೆ. ಗೆಳತಿಯರು ಮೂಗು ಮುಚ್ಚಿಕೊಂಡು ಓಡಿದರೆ, ನಾನು ಗಾಜಿನ ಸೀಸೆಗಳ ಕತ್ತು, ಭುಜ, ಹೊಟ್ಟೆ ನೋಡುತ್ತ ನಿಲ್ಲುತ್ತಿದ್ದೆ. ಪಿಯುಸಿ ಮುಗಿದು ಶಹಾಪುರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ಡಬ್ಬಿಗಳಿಗೆ ಮುಚ್ಚಳ ಹೊಂದಿಸುವುದಕ್ಕೇ ನನ್ನ ವಿಜ್ಞಾನ ಮುಗಿಯಿತೆಂದುಕೊಂಡಿದ್ದೆ. ಹಾಗಿರುವಾಗ ಒಂದು ಸಂಜೆ ನಮ್ಮವರು ಸುರಪುರದ ಬಸ್ಸಿನಿಂದ ಗೋಣಿಚೀಲವೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಇಳಿದರು. ಯಾವುದೋ ಹಳೆಯ ಲ್ಯಾಬಿನ ಸಾಮಾನು ಗುಜರಿ ಅಂಗಡಿಗೆ ಬಂದಿತ್ತಂತೆ. ಒಳಗೆ ಪಕ್ಕದಲ್ಲಿ ಕೊಳವೆಯಿದ್ದ ಗುಂಡು ಫ್ಲಾಸ್ಕು, ಆ ಕೊಳವೆಗೆ ಸರಿಯಾಗಿ ಕೂತು ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರು, ಪೇಪರಿನಲ್ಲಿ ಸುತ್ತಿದ ಹನ್ನೊಂದು ಗಾಜಿನ ಬಿರಡೆ. ಇಳಕಲ್ ಸೀರೆ ಬಂದಾಗಲೂ ನಾನು ಅಷ್ಟು ಕುಣಿದಿರಲಿಲ್ಲ.

ಅತ್ತೆ ಕುಣಿಯಲಿಲ್ಲ. ಅಡುಗೆಮನೆಯ ಕಿಟಕಿ ಪಕ್ಕದ ಹಲಗೆ ತೋರಿಸಿ, "ಪಂಚಮಿ ತನಾ ಅಲ್ಲಿಟ್ಕೋ. ಪಂಚಮಿಗಿ ಉಂಡಿ ಡಬ್ಬಿ ಇಡೂ ಜಾಗಾ ಅದು. ಅಷ್ಟ್ರಾಗ ಇದರಿಂದ ಏನರ ಉಪಯೋಗ ಕಾಣಲಿಲ್ಲಂದ್ರ ತಿರುಗಿ ಗುಜರಿಗೇ ಹಾಕ್ತೀನಿ ನೋಡು" ಎಂದರು. ಉಂಡೆಗಳ ಹಬ್ಬವಾದ ನಾಗರಪಂಚಮಿಗೆ ಹನ್ನೆರಡೇ ದಿನವಿತ್ತು.

ಹಿತ್ತಲಲ್ಲಿ ಗುಲಾಬಿ ಗಿಡವಿತ್ತು. ಗುಲಾಬಿ ನೀರು ಇಳಿಸಿಯೇ ತೋರಿಸುತ್ತೇನೆಂದು ಹೊರಟೆ. ಆದರೆ ಫ್ಲಾಸ್ಕಿನ ಬಾಯಿಗೆ ಹನ್ನೊಂದರಲ್ಲಿ ಯಾವುದು? ಗಾಜಿನ ಬಿರಡೆಯ ಕಾಲು ಕೆಳಗೆ ಹೋದಂತೆ ಸಣ್ಣಗಾಗುತ್ತದೆ, ಸೀಸೆಯ ಕತ್ತು ಒಳಗೆ ಹಾಗೆಯೇ. ಎರಡರ ಇಳಿಜಾರೂ ಒಂದೇ ಆಗಿದ್ದರೆ ಮಾತ್ರ ಉಗಿ ಒಳಗೆ ನಿಲ್ಲುತ್ತದೆ. ಮೇಲೆ ಕೊರೆದ ನಂಬರುಗಳೆಲ್ಲ ಸವೆದುಹೋಗಿದ್ದವು. ಕೆಲವು ಒಳಗೆ ಜಾರಿದವು, ಕೆಲವು ಬಾಯಲ್ಲೇ ನಿಂತವು, ನಾಲ್ಕೈದು ಕೂತಂತೆ ಕಂಡವು. ಕುದಿ ಬಂದೊಡನೆ ಬುಸ್ಸೆಂದು ಉಗಿಯೆಲ್ಲ ಬಾಯಿಂದಲೇ ಹೊರಗೆ! ಬೇಸತ್ತು ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು ಬಿರಡೆ ಮಾಡಿದೆ. ಸೋಪು ಹಚ್ಚಿ ಮೂರು ಸಲ ತೊಳೆದಿದ್ದೆ, ಅಷ್ಟು ಮಾತ್ರ ಹೇಳಬಲ್ಲೆ. ಉಗಿ ನಿಂತಿತು, ಹನಿ ಬಿತ್ತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತೆ.

ಅವರು ಮೂಸಿದರು. "ಭಾಳ ಛಲೋ ಆಗ್ಯಾದವ್ವ. ನನ್ನ ಸೊಸಿ ಚಪ್ಪಲಿ ಅತ್ತರ ಇಳಿಸ್ಯಾಳ! ಲಗ್ನದ ಮನ್ಯಾಗ ಬಾಗಲದಾಗ ನಿಂತು ಚುಮುಕ್ಸು, ಚಪ್ಪಲಿ ಹೊರಗ ಬಿಡ್ರಿ ಅಂತ ಬ್ಯಾರೆ ಹೇಳೂದೇ ಬ್ಯಾಡ."

ವಾರವಿಡೀ ಓಣಿಯಲ್ಲಿ ಅದೇ ಮಾತು.

ಪಂಚಮಿಗೆ ಮೂರು ದಿನವಿರುವಾಗ ಅತ್ತೆಯ ಉಂಗುರ ದೊಡ್ಡದು ಮಾಡಿಸಲು ಅಕ್ಕಸಾಲಿಗ ಪತ್ತಾರರ ಅಂಗಡಿಗೆ ಹೋದೆವು. ಅವರು ದಾರದಲ್ಲಿ ಪೋಣಿಸಿದ ಅಳತೆಯ ಉಂಗುರಗಳ ಗೊಂಚಲನ್ನೂ, ಗೆರೆ ಕೊರೆದ, ತುದಿಗೆ ಸಣ್ಣಗಾಗುತ್ತ ಹೋಗುವ ಹಿತ್ತಾಳೆ ಕೋಲನ್ನೂ ಹೊರತೆಗೆದರು. ಆ ಕೋಲು ಬಿರಡೆಯ ದೊಡ್ಡಪ್ಪನ ಹಾಗೆಯೇ ಇತ್ತು! ಬೆಲೆ ಮಾತಾಡುತ್ತಿದ್ದ ಅತ್ತೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿ, ಫ್ಲಾಸ್ಕು, ಬಿರಡೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಪತ್ತಾರರು ಫ್ಲಾಸ್ಕನ್ನು ತಿರುಗಿಸಿ ನೋಡಿ, "ಈಕಿದು ಲಗ್ನ ಯಾವಾಗ್ರಿ ಅಕ್ಕಾರ?" ಎಂದರು.

"ಪಂಚಮಿ ಒಳಗ ಆಗಬೇಕ್ರಿ ಕಾಕಾ. ಇಲ್ಲಂದ್ರ ಮನಿಯಿಂದ ಹೊರಗ ಹಾಕ್ತಾರ" ಎಂದೆ ನಾನು.

ಅತ್ತೆ ಮುಖ ಆಚೆ ತಿರುಗಿಸಿಕೊಂಡರು; ನಗುತ್ತಿದ್ದರು. ಪತ್ತಾರರು ಕೋಲನ್ನು ಫ್ಲಾಸ್ಕಿನ ಬಾಯಿಗೆ ಇಳಿಸಿ, ಗೆರೆ ಓದಿ, "ಹತ್ತೊಂಬತ್ತನೇ ನಂಬರ" ಎಂದರು. ಆಮೇಲೆ ಹತ್ತೊಂಬತ್ತರ ಉಂಗುರದಲ್ಲಿ ಬಿರಡೆಗಳನ್ನು ಒಂದೊಂದಾಗಿ ಇಳಿಸಿ ನೋಡಿದರು. ಎರಡೇ ಎರಡು, ಕಾಲಿನ ಮೇಲ್ತುದಿಯವರೆಗೆ ಇಳಿದು ಅಲ್ಲಾಡದೆ ನಿಂತವು.

ಸರಿ, ಉಂಗುರ ಅಗಲ ಹೇಳಿತು, ಇಳಿಜಾರು ಹೇಳಲಿಲ್ಲ; ಎರಡರಲ್ಲಿ ಯಾವುದು? ಮನೆಯಲ್ಲಿ ನಾನು ಅದನ್ನಿಟ್ಟು ಇದನ್ನಿಟ್ಟು ಒದ್ದಾಡುತ್ತಿದ್ದರೆ, ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಬೀಸೂ ಕಲ್ಲಿಗಿ ಉಳಿ ಹೊಡಿಸಿದ ಮ್ಯಾಲ ಹೆಂಗ ನೋಡ್ತೀವಿ? ಕೆಮ್ಮಣ್ಣ ಸವರಿ ಒಂದ ಸುತ್ತ ತಿರುವಿದ್ರ ಗೊತ್ತಾಗ್ತದ, ಕಲ್ಲ ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಅಂತ. ಇಷ್ಟ ಓದಿ ಬಂದೀ, ಇದ ಕಲಿಸಲಿಲ್ಲೇನ್ ನಿಮ್ಮ ಸಿಸ್ಟರು?"

ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ, ಬೆರಳಿನಿಂದ ಎರಡೂ ಬಿರಡೆಗೆ ತೆಳ್ಳಗೆ ಸವರಿದರು. ಮೊದಲನೆಯದನ್ನು ಇಟ್ಟು ಒಂದು ಸುತ್ತು ತಿರುಗಿಸಿ ತೆಗೆದರೆ, ಮೇಲ್ಗಡೆ ಮಾತ್ರ ಬಣ್ಣ ಒರೆಸಿಹೋಗಿತ್ತು, ಕೆಳಗೆ ಹಾಗೇ ಕೆಂಪು. ಎರಡನೆಯದು ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಒರೆಸಿ ಬಂದಿತ್ತು. "ಇದ ನೋಡು! ಪೂರಾ ಮುಟ್ಟ್ಯಾದ!" ಎಂದು ಕೂಗಿದವರು ನಾನಲ್ಲ, ಅತ್ತೆ.

ಎಲ್ಲ ತೊಳೆದು, ಗುಲಾಬಿ ಎಸಳು ತುಂಬಿ, ಬೆಳಿಗ್ಗೆ ಒಲೆ ಹಚ್ಚಿದೆವು. ಕುದಿ ಬಂತು. ಇಬ್ಬರೂ ಕಿವಿಗೊಟ್ಟೆವು. ಬುಸ್ ಇಲ್ಲ! ಕೊಳವೆ ಮಬ್ಬಾಯಿತು, ತುದಿಯಲ್ಲಿ ಹನಿ ದಪ್ಪಗಾಗಿ ತೊಟ್ಟಿಕ್ಕಿತು. ಅತ್ತೆ ಬೆರಳು ಅದ್ದಿ, ಮೂಸಿ, ಕಿವಿಯ ಹಿಂದೆ ಹಚ್ಚಿಕೊಂಡು ಎದ್ದು ಹೋದರು. ಆ ಪಂಚಮಿಯ ಉಂಡಿ ಡಬ್ಬಿ ಜೋಳದ ಚೀಲದ ಮೇಲೆ ಕೂತಿತು.

ಇಷ್ಟು ವರ್ಷ ಇದನ್ನು ನಾನು ಬಿರಡೆ ಹೊಂದಿಸಿದ ಕಥೆಯೆಂದೇ ಬಂದವರಿಗೆಲ್ಲ ಹೇಳಿದ್ದೇನೆ. ಬರೆಯಲು ಕೂತಾಗ ಪೆನ್ನು ತಡೆಯಿತು: ಹೊಂದಿಸಿದವಳು ನಾನೆಲ್ಲಿ? ಇಂದು ಮಧ್ಯಾಹ್ನ ಅತ್ತೆಗೆ ಎಲ್ಲವನ್ನೂ ಓದಿ ಹೇಳಿ, ಅದನ್ನೂ ಒಪ್ಪಿಕೊಂಡೆ. ಮೊರದಲ್ಲಿ ಅಜವಾನ, ಅಂದರೆ ಓಮದ ಕಾಳು, ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

"ಈಗರ ತಿಳೀತಲ್ಲ. ಹಂಗಾರ ಇವತ್ತ ಈ ಅಜವಾನದ ನೀರ ಇಳಸೂಣು. ಒಲಿ ಮುಂದ ನಾ ಕೂಡ್ತೀನಿ. ನೀ ಸರಿ ಆ ಕಡಿ, ಬರಕೋತ ಕೂಡು."

ಸರಿದು ಕೂತು ಬರೆಯುತ್ತಿದ್ದೇನೆ. ಮನೆಯೆಲ್ಲ ಘಮ್ಮೆನ್ನುತ್ತಿದೆ. ಅತ್ತೆ ಉಸಿರು ಬಿಗಿಹಿಡಿದು ಕೊಳವೆಯ ತುದಿಯನ್ನೇ ನೋಡುತ್ತಿದ್ದಾರೆ, ಅಲ್ಲೊಂದು ಹನಿ ದಪ್ಪಗಾಗುತ್ತಿದೆ. ಕ್ಷಮಿಸಿ, ನಾನೂ ನೋಡಬೇಕು.