ಚಾವಣಿ ಇರುವ ಅರಮನೆಯಲ್ಲಿ ನಮ್ಮವ್ವ

ಗೆಳೆಯರೇ, ಇವತ್ತು ಇಸ್ತಾಂಬುಲ್‌ನಲ್ಲಿ, ಈಗ ಮ್ಯೂಸಿಯಂ ಆಗಿರುವ ಆಟೊಮನ್ ಸುಲ್ತಾನರ ಅರಮನೆಯ ನಟ್ಟನಡುವೆ ನಮ್ಮವ್ವ ಅಂಗಾತ ಮಲಗಿಬಿಟ್ಟಳು.

ತಲೆಸುತ್ತಿ ಬಿದ್ದಳೆಂದು ಕಾವಲುಗಾರ್ತಿ ನೀರು ಹಿಡಿದು ಓಡಿಬಂದಳು. ಅವ್ವನಿಗೆ ಏನೂ ಆಗಿರಲಿಲ್ಲ. ಮೇಲೆ ಬಂಗಾರದ ಬಳ್ಳಿ ಹಬ್ಬಿದ ಗುಮ್ಮಟ, ಅದರಿಂದ ಇಳಿಬಿದ್ದ, ನಮ್ಮ ಮನೆಯಷ್ಟು ದೊಡ್ಡ ದೀಪದ ಗೊಂಚಲು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಏಳವ್ವಾ, ಮಂದಿ ನೋಡಾಕತ್ತಾರ," ಎಂದೆ.

"ನೋಡ್ಲಿ ಬಿಡು. ಕುತಿಗಿ ನೋಯಾಕತ್ತಿತ್ತು, ಅದಕ್ಕ ಮಲಗೀನಿ. ಅರಮನಿಗೆ ಮ್ಯಾಲ ಹಿಂಗಿರತೈತೇನು?"

ಹಂಪಿ ಪಕ್ಕದ ಕಮಲಾಪುರದಲ್ಲೇ ಬೆಳೆದ ಅವಳಿಗೆ ಅರಮನೆಯೆಂದರೆ ಬಾಳೆತೋಟಕ್ಕೆ ಹೋಗುವ ದಾರಿಯಲ್ಲಿ ಗೋಡೆ, ಚಾವಣಿ ಯಾವುದೂ ಉಳಿಯದೆ ಬಿಸಿಲಿಗೆ ಕಾಯುವ ಕಲ್ಲಿನ ಕಟ್ಟೆ, ಅಷ್ಟೆ. ನಾನು ಹಂಪಿಯಲ್ಲಿ ಗೈಡ್. ಅದೇ ಕಟ್ಟೆ ತೋರಿಸಿ, "ಇಲ್ಲಿ ಗಂಧದ ಮರದ ಕಂಬಗಳಿದ್ದವು, ಮೇಲೆ ಬಂಗಾರದ ಕೆಲಸದ ಚಾವಣಿಯಿತ್ತು" ಎಂದು ಪ್ರವಾಸಿಗರಿಗೆ ದಿನಾ ಹೇಳುತ್ತೇನೆ.

ಗುಮ್ಮಟದಿಂದ ಕಣ್ಣು ಕೀಳದೆಯೇ ಅವ್ವ ಮೆಲ್ಲಗೆ ಕೇಳಿದಳು: "ಹಂಗಾರ ನೀ ಆ ಮಂದಿಗೆ ಹೇಳೋದು ಖರೇನೇನಲೇ? ಹೊಟ್ಟಿಪಾಡಿಗೆ ಸುಳ್ಳು ಹೇಳ್ತಾನ ಅಂತ ನಾ ದಿನಾ ವಿರೂಪಾಕ್ಷನ ಮುಂದ ನಿನ್ನ ಸಲುವಾಗಿ ಗಲ್ಲ ಬಡ್ಕೊಂತಿದ್ದೆ!"

ಊರಿಗೆ ಮರಳಿದ ಮೇಲೆ ಮೊದಲು ದೇವರ ಹತ್ತಿರ ನನ್ನ ಹೆಸರು ಸರಿಮಾಡಿಸಬೇಕು.