ಸತ್ತ ಮೇಲೆ ತರುವ ಸೀರೆ

ಸೀರೆ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಅಲ್ಲಿಯ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. ಅದು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ.

‘ಕೊಡಕ್ಕಾ ಮೇಡಂ, ಉಡಕ್ಕಾ?’

ಉಡುವುದಕ್ಕೆ ಎಂದರೆ ಒಳಗೆ ಕರೆದು, ಬಿಳಿ ಹಾಸಿನ ಮೇಲೆ ಕೂರಿಸಿ, ಮಡಿಕೆ ಬಿಚ್ಚಿ ಸೆರಗು ತೋರಿಸುತ್ತಾರೆ. ಕೊಡುವುದಕ್ಕೆ ಎಂದರೆ ಬಾಗಿಲ ಪಕ್ಕದ ರಾಶಿಯ ಕಡೆಗೆ ಗಲ್ಲ ಎತ್ತಿ ತೋರಿಸಿದರೆ ಮುಗಿಯಿತು. ಒಮ್ಮೆ ಒಗೆದರೆ ಬಣ್ಣ ಬಿಡುವ, ಎರಡನೇ ಸಲಕ್ಕೆ ಹಿಮ್ಮಡಿಯಿಂದ ಮೇಲಕ್ಕೆ ಏರುವ ಸೀರೆಗಳು. ಅವನ್ನು ಯಾರೂ ಉಡುವುದಿಲ್ಲವೆಂದು ಅಂಗಡಿಯವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು, ಪಡೆಯುವವಳಿಗೂ ಗೊತ್ತು. ಗೃಹಪ್ರವೇಶದಲ್ಲಿ ಒಬ್ಬಳಿಗೆ ಸಿಕ್ಕಿದ್ದು ನಾಮಕರಣದಲ್ಲಿ ಇನ್ನೊಬ್ಬಳಿಗೆ ಹೋಗುತ್ತದೆ. ಕೊಡುವವರು ಗಂಡಸರಾಗಿದ್ದರೆ ನಾನು ಅಷ್ಟು ಸಿಟ್ಟಾಗುತ್ತಿರಲಿಲ್ಲ. ಹೆಂಗಸಿಗೆ ಹೆಂಗಸೇ ಆರಿಸಿ ಕೊಡುವ ಅವಮಾನ ಇದು.

ನಾನು ಕೊಳ್ಳೇಗಾಲದಲ್ಲಿರುವವಳು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದೆ. ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ, ಕೂದಲು ಕಟ್ಟಿ, ಡ್ಯೂಟಿಗೆ ಮೊದಲೇ ಹೋಗಿ ನಿಂತವಳಿಗೆ ಬಟ್ಟೆಯ ವಿಷಯದಲ್ಲಿ ಅಸಡ್ಡೆ ಸಹಿಸಲು ಆಗುವುದಿಲ್ಲ. ನನ್ನ ಬೀರುವಿನಲ್ಲಿ ಪ್ರತಿ ಸೀರೆಗೂ ಜಾಗವಿದೆ, ಪ್ರತಿ ಜಾಗಕ್ಕೂ ಕಾರಣವಿದೆ. ಸಾವಿನ ಮನೆಗೆ ಹಳೆಯ ಮೆತ್ತಗಿನ ಹತ್ತಿ ಸೀರೆ. ಗಂಜಿ ಹಾಕಿದ್ದು ಉಟ್ಟರೆ ಅಳುವವರನ್ನು ತಬ್ಬಿಕೊಂಡಾಗ ಪರಪರ ಎನ್ನುತ್ತದೆ. ಬಾಣಂತಿಯನ್ನು ನೋಡಲು ಹೋಗುವಾಗ ಜರಿ ಕೂಡದು, ಮಗುವಿನ ಕೆನ್ನೆ ತರಚುತ್ತದೆ. ತಾಲ್ಲೂಕು ಕಚೇರಿಗೆ ಕಲೆ ಕಾಣದ ಗಾಢ ಬಣ್ಣ, ಏಕೆಂದರೆ ಅಲ್ಲಿ ಯಾವ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಬೇಕೋ ದೇವರಿಗೂ ಗೊತ್ತಿಲ್ಲ. ಮಾದಪ್ಪನ ಬೆಟ್ಟದ ಬಸ್ಸಿಗೆ ಸುಲಭವಾಗಿ ಒಗೆಯಬಹುದಾದ ಸೀರೆ. ತಿರುವುಗಳಲ್ಲಿ ಪಕ್ಕದವರ ಹೊಟ್ಟೆ ಯಾವಾಗ ತೊಳಸುತ್ತದೋ ಹೇಳಲಾಗದು. ಮದುವೆಗೆ ಪಟ್ಟೆ ಸೀರೆ, ಅದೂ ಉಡುವವಳ ಮೈಬಣ್ಣಕ್ಕೆ, ಎತ್ತರಕ್ಕೆ ಒಪ್ಪುವಂಥದ್ದು. ಕುಳ್ಳಗಿರುವವಳು ಅಗಲದ ಅಂಚು ಉಟ್ಟರೆ ಸೀರೆ ನಡೆದುಬರುತ್ತದೆಯೇ ಹೊರತು ಅವಳು ಕಾಣುವುದಿಲ್ಲ.

ಇದೆಲ್ಲ ನನ್ನ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಚಿಕ್ಕವಳಿದ್ದಾಗ ಅವಳು ಕೊಳ್ಳೇಗಾಲಕ್ಕೆ ಬಂದರೆ ನೇಕಾರರ ಬೀದಿಯಲ್ಲಿ ಬಣ್ಣ ಹಾಕಿ ಒಣಗಲು ಬಿಟ್ಟ ರೇಷ್ಮೆಯ ಲಡಿಗಳನ್ನು ನೋಡುತ್ತ ನಿಂತುಬಿಡುತ್ತಿದ್ದಳು, ಎಳೆದು ತರಬೇಕಾಗಿತ್ತು. ಮದುವೆಯಾಗಿ ಕೌದಳ್ಳಿಗೆ ಹೋದಳು. ಭಾವ ತೀರಿಕೊಂಡು ಬಹಳ ವರ್ಷಗಳಾದವು. ಅವರು ಹೋದ ದಿನದಿಂದ ಅಕ್ಕನ ಪಾಲಿಗೆ ಬಣ್ಣಗಳೂ ತೀರಿಕೊಂಡವು. ಹಬ್ಬವಿರಲಿ, ಮದುವೆಯಿರಲಿ, ಅವಳ ಕೈಗೆ ಬರುವುದು ಬೂದಿ ಬಣ್ಣ, ಕೆನೆ ಬಣ್ಣ, ಒಣಗಿದ ಹುಲ್ಲಿನ ಬಣ್ಣ. ಎಲ್ಲವೂ ಆ ಬಾಗಿಲ ಪಕ್ಕದ ರಾಶಿಯವೇ. ಅವಳ ಟ್ರಂಕು ತುಂಬಿತ್ತು, ಉಡಲು ಒಂದೂ ಇರಲಿಲ್ಲ.

ಹೋದ ವರ್ಷ ಯಳಂದೂರಿನಲ್ಲಿದ್ದ ನಮ್ಮ ದೊಡ್ಡಪ್ಪನ ಮಗಳು ತೀರಿಕೊಂಡಾಗ ನಾವಿಬ್ಬರೂ ಹೋಗಿದ್ದೆವು. ನಮ್ಮ ಕಡೆ ಹೆಂಗಸು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ತವರಿನ ಸೀರೆ ಬರುವ ತನಕ ಹೆಣ ಎತ್ತುವುದಿಲ್ಲ. ಅವತ್ತು ಅವಳ ಅಣ್ಣ, ತಮ್ಮ, ಅವರ ಮಕ್ಕಳು ಒಬ್ಬೊಬ್ಬರಾಗಿ ಬಂದು ಪ್ಲಾಸ್ಟಿಕ್ ಕವರು ಹರಿದು ಸೀರೆ ಹೊದಿಸಿದರು. ಒಂದರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾನು ಬಾಗಿ ಉಗುರಿನಿಂದ ಕಿತ್ತೆ. ಬದುಕಿದ್ದಾಗ ಆಕೆ ಹರಿದ ರವಿಕೆಗೆ ತೇಪೆ ಹಾಕಿಕೊಂಡು ಓಡಾಡುತ್ತಿದ್ದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಂಜೆ ಬಸ್ಸಿಗೆಂದು ನಡೆದು ಬರುವಾಗ ಅದೇ ಸೀರೆಗಳು ಸ್ಮಶಾನದ ಬೇಲಿಯ ಮೇಲೆ ಬಿದ್ದಿದ್ದವು.

ಬಸ್ಸು ಹೊರಟ ಮೇಲೆ ಅಕ್ಕ ಬಾಯಿಬಿಟ್ಟಳು. ‘ನಂಗೂ ಇಂಥದ್ನೇ ತಂದಾಕ್ತಾನೆ, ನಮ್ ತಮ್ಮನ ಮಗ.’

‘ಬಾಯ್ಮುಚ್ಚು’ ಎಂದೆ.

‘ಯಾಕ್ ಮುಚ್ಲಿ? ಸತ್ತಾಗ ತರೋದ್ನ ಈಗ್ಲೇ ತಂದ್ಕೊಡ್ಲಿ ಕಣಮ್ಮಿ, ಒಳ್ಳೇದಾಗಿ ಒಂದು. ಮೊಮ್ಮಗಳ ಮದ್ವೇಲಿ ಉಟ್ಕಂಡು ಓಡಾಡ್ತೀನಿ. ಸತ್ಮೇಲೆ ನಾನೇನು ಕನ್ನಡಿ ನೋಡ್ಕಂಡೇನಾ?’

ಮುಂದಿನ ಸೀಟಿನವನು ತಿರುಗಿ ನೋಡಿದ. ಅಕ್ಕ ಅವನನ್ನೂ ಕೇಳಿದಳು, ‘ಏನಪ್ಪಾ, ನೀನೇ ಹೇಳು, ತಪ್ಪಾ?’ ಅವನು ಮತ್ತೆ ತಿರುಗಲಿಲ್ಲ.

ಅವಳು ತಮಾಷೆಗೆ ಹೇಳಿದ್ದಲ್ಲ. ಮುಂದಿನ ವಾರ ಫೋನು ಮಾಡಿದಾಗ ಮತ್ತೆ ಅದನ್ನೇ ಕೇಳಿದಳು. ಮದುವೆ ಅವಳ ಮಗನ ಮಗಳದು, ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ. ಅಷ್ಟು ಹೊತ್ತಿಗೆ ಅವಳ ಸೊಸೆ ಎಲ್ಲ ಹೆಂಗಸರ ಫೋನಿಗೂ ಒಂದು ಫೋಟೊ ಕಳಿಸಿದ್ದಳು. ಮುಹೂರ್ತಕ್ಕೆ ಎಲ್ಲರೂ ಲ್ಯಾವೆಂಡರ್ ಬಣ್ಣದ ಒಂದೇ ಥರದ ಸೀರೆ ಉಡಬೇಕಂತೆ. ಕಪ್ಪಗಿರುವವರು, ಬೆಳ್ಳಗಿರುವವರು, ದಪ್ಪಗಿರುವವರು, ಬಸುರಿಯರು, ಎಲ್ಲರಿಗೂ ಒಂದೇ. ಸಮವಸ್ತ್ರ ಉಟ್ಟು ಸಂಬಳ ತೆಗೆದುಕೊಂಡವಳು ನಾನು. ಮದುವೆ ಊಟಕ್ಕೆ ಸಮವಸ್ತ್ರ ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಆ ಫೋಟೊದ ಕೆಳಗೆ ಒಂದು ಸಾಲು ಇತ್ತು: ಅಜ್ಜಿಗೆ ಮಾತ್ರ ಕೆನೆ ಬಣ್ಣದ್ದು ತೆಗೆದಿದ್ದೇವೆ.

ನಾನು ಆ ಕ್ಷಣವೇ ನಮ್ಮ ತಮ್ಮನ ಮಗನಿಗೆ ಫೋನು ಮಾಡಿದೆ. ತಮ್ಮ ಈಗಿಲ್ಲ. ಹನೂರಿನ ತವರುಮನೆಗೆ ಈಗ ಇವನೇ ಯಜಮಾನ.

‘ಚಿಕ್ಕತ್ತೆ, ನಿಂಗೇನಾರ ಬುದ್ಧಿ ಐತಾ?’ ಎಂದ. ‘ಬದುಕಿರೋರ್ಗೆ ಆ ಸೀರೆ ತಂದಾರಾ? ನಾಳೆ ದೊಡ್ಡತ್ತೆಗೆ ಏನಾರ ಆದ್ರೆ ನಾನೇ ಸಾಯಿಸ್ದೆ ಅಂತಾರೆ ಜನ.’

‘ಏನಾದರೂ ಆಗೇ ಆಗುತ್ತೆ ಕಣೋ. ಅವಳಿಗೇನು ಎಳೇ ವಯಸ್ಸಾ?’

‘ಅಂಗಾದ್ರೆ ಸುಮ್ನೆ ಒಂದು ಸೀರೆ ಅಂತ ತಕ್ಕೊಡ್ತೀನಿ. ಅದು ಇದು ಅನ್ಬೇಡ.’

‘ಸುಮ್ಮನೆ ಒಂದು ಸೀರೆ ನೀನು ಇಷ್ಟು ವರ್ಷ ಯಾಕೆ ಕೊಡಲಿಲ್ಲ?’

ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಅವನ ಮನೆಯಿಂದ ಬರುತ್ತಿದ್ದ ರವಿಕೆ ಕಣದಲ್ಲಿ ರವಿಕೆಯೂ ಆಗುತ್ತಿರಲಿಲ್ಲ, ಕೈವಸ್ತ್ರವೂ ಆಗುತ್ತಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅದೂ ನಿಂತಿತ್ತು. ನಾನು ಅದನ್ನೂ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕೊನೆಗೆ, ‘ಭಾನುವಾರ ಬರ್ತೀನಿ, ಕಿರುಚ್ಬೇಡ’ ಎಂದು ಫೋನು ಇಟ್ಟ.

ಭಾನುವಾರ ಮೂವರೂ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಅಕ್ಕನ ಬರಿ ಹಣೆಯನ್ನೂ ಮಾಸಿದ ಸೀರೆಯನ್ನೂ ನೋಡಿ, ಪ್ರಶ್ನೆಯನ್ನು ತಮ್ಮನ ಮಗನಿಗೆ ಹಾಕಿದ. ‘ಕೊಡಕ್ಕಾ ಸಾ?’

‘ಉಡಕ್ಕೆ ಕಣಪ್ಪ’ ಎಂದಳು ಅಕ್ಕ. ‘ಉಡೋಳು ನಾನು. ನನ್ನ ಕೇಳು.’

ಒಳಗೆ ಕೂತೆವು. ಹುಡುಗ ತಿಳಿ ಬಣ್ಣಗಳನ್ನೇ ಒಂದರ ಮೇಲೊಂದು ಬಿಚ್ಚಿದ. ‘ಅಮ್ಮೋರ ವಯಸ್ಸಿಗೆ ಇದು ಲಕ್ಷಣವಾಗಿರುತ್ತೆ’ ಎಂದ. ನಾನು ಅವನನ್ನು ಗದರಿಸಿ ಬದನೆಕಾಯಿ ಬಣ್ಣದ್ದು ತೆಗೆಸಿದೆ, ಕಿರಿದಾದ ಸಾಸಿವೆ ಬಣ್ಣದ ಅಂಚು. ನಮ್ಮ ಊರಿನ ಮಗ್ಗದ್ದೇ. ಅಕ್ಕನ ಎಣ್ಣೆಗೆಂಪು ಮೈಬಣ್ಣಕ್ಕೆ ಅದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ. ಅವಳ ಹೆಗಲ ಮೇಲೆ ಇಟ್ಟು ತೋರಿಸಿದೆ. ಅವಳು ಅದನ್ನು ಹೆಗಲಿಂದ ತೆಗೆದು ನನ್ನ ತೊಡೆಯ ಮೇಲಿಟ್ಟಳು.

‘ಅದು.’ ಮೇಲಿನ ಸಾಲಿನ ಗಿಳಿ ಹಸಿರನ್ನು ತೋರಿಸಿದಳು. ಕೆಂಪು ಅಂಚಿನದು. ಹೆಣ್ಣಿಗೆ ಧಾರೆಗೆ ತೆಗೆಯುವಂಥದ್ದು.

ಅಂಗಡಿಯ ಹುಡುಗ ತಮ್ಮನ ಮಗನ ಮುಖ ನೋಡಿದ. ಇವನು ನೆಲ ನೋಡಿದ. ನಾನೂ ಹೇಳಿದೆ, ‘ಅಕ್ಕ, ಹಸಿರು ನಿನಗೆ ಎದ್ದು ಕಾಣುತ್ತೆ.’

‘ಕಾಣ್ಲಿ ಅಂತ್ಲೇ ಕೇಳ್ತಿರೋದು. ಅವ್ರೆಲ್ಲ ಕೆನೆ ಬಣ್ಣ ತತ್ತಾರೆ, ನೀನು ಬದ್ನೆಕಾಯ್ ತತ್ತೀಯ. ನಂಗೇನ್ ಬೇಕು ಅಂತ ಯಾವ್ ನನ್ ಮಗನೂ ಕೇಳಾಕಿಲ್ಲ.’

ಗಿಳಿ ಹಸಿರನ್ನೇ ಕಟ್ಟಿಸಿದೆವು. ಬದನೆಕಾಯಿ ಬಣ್ಣವೇ ಒಪ್ಪುತ್ತಿತ್ತು ಎಂಬುದು ಈಗಲೂ ನನ್ನ ಅಭಿಪ್ರಾಯ.

ಮದುವೆಯ ದಿನ ಕಲ್ಯಾಣ ಮಂಟಪದ ಹೆಂಗಸರ ಕೋಣೆಯಲ್ಲಿ ನಾನೇ ಉಡಿಸಿದೆ. ನೆರಿಗೆ ಹಿಡಿದು, ಪಿನ್ನು ಒಳಗಿಂದ ಹಾಕಿ, ಸೆರಗನ್ನು ಮೊಣಕೈವರೆಗೆ ಬಿಟ್ಟೆ. ಅಷ್ಟರಲ್ಲಿ ಸೊಸೆ ಲ್ಯಾವೆಂಡರ್ ಸೀರೆಯಲ್ಲಿ ಬಂದಳು. ಮೊದಲು ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು.

‘ಚಿಕ್ಕಮ್ಮ, ಇದೇನಿದು? ಹೆಣ್ಣೇ ಹಸ್ರು ಉಟ್ಟವ್ಳೆ. ಇವ್ರೂ ಹಸ್ರು ಉಟ್ರೆ ಗಂಡಿನ್ ಕಡೆಯೋರು ಏನಂತಾರೆ? ಶುಭಕಾರ್ಯದಲ್ಲಿ ಇವ್ರು...’

‘ಇವರು ಏನು? ಮುಗಿಸು.’

ಅವಳು ಮುಗಿಸಲಿಲ್ಲ. ಮುಗಿಸಿದ್ದರೆ ಆ ಕೋಣೆಯಲ್ಲೇ ಜಗಳ ಆಗುತ್ತಿತ್ತು. ಮಡಿಕೆ ಬಿಚ್ಚದ ಕೆನೆ ಸೀರೆಯನ್ನು ಕುರ್ಚಿಯ ಮೇಲೆ ಇಟ್ಟು, ‘ಫೋಟೊಕ್ಕಾದ್ರೂ ಇದ್ನ ಉಟ್ಕಳಿ ಅತ್ತೆ’ ಎಂದು ಹೋದಳು. ಅಕ್ಕ ಆ ಸೀರೆಯನ್ನು ತೆಗೆದು ಅದೇ ಕುರ್ಚಿಯ ಧೂಳು ಒರೆಸಿ ಕೂತುಕೊಂಡಳು. ಆಮೇಲೆ ಸೆರಗಿನ ಪಿನ್ನಿಗೆ ಕೈ ಹಾಕಿದಳು. ‘ಬಿಚ್ಲಾ ಅಮ್ಮಿ?’ ಎಂದು ಕೇಳಿದಳು. ಅಷ್ಟು ಹಟ ಮಾಡಿದವಳು.

‘ಬಿಚ್ಚಿದರೆ ನಾನು ಈಗಲೇ ಮನೆಗೆ ಹೋಗುತ್ತೇನೆ’ ಎಂದೆ. ‘ಏಳು.’

ಅಕ್ಷತೆ ಹಾಕಲು ಸಾಲಿನಲ್ಲಿ ನಿಂತಳು. ಫೋಟೊ ತೆಗೆಯುವವನು ‘ಅಜ್ಜಿ ಸ್ವಲ್ಪ ಪಕ್ಕಕ್ಕೆ’ ಎಂದಾಗ ಅವನ ಕಡೆ ನಾನು ನೋಡಿದ ರೀತಿಗೆ ಅವನೇ ಪಕ್ಕಕ್ಕೆ ಸರಿದ. ಅಕ್ಕನ ಬೆನ್ನ ಹಿಂದೆ ಗುಸುಗುಸು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಊಟದ ಮನೆಯಲ್ಲಿ ಲೊಕ್ಕನಹಳ್ಳಿಯ ಕಡೆಯ ಒಬ್ಬ ಮುದುಕಿ, ಅಕ್ಕನ ಓರಗೆಯವಳು, ಎಲೆಯ ಮುಂದೆ ಕೂತು ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ‘ಅಸಲಿ ಪಟ್ಟೆ ಕಣವ್ವ! ಯಾರು ಕೊಟ್ಟಿದ್ದು, ಮಗ್ನಾ?’

‘ನನ್ ತವ್ರೋರು. ನಾನ್ ಸತ್ತಾಗ ತರೋದ್ನ ಈಗ್ಲೇ ತಂದವ್ರೆ.’

ಬಡಿಸುವವನ ಸೌಟು ನಿಂತಿತು. ಎದುರು ಸಾಲಿನಲ್ಲಿದ್ದ ನಮ್ಮ ತಮ್ಮನ ಮಗ ತಲೆ ಎತ್ತದೆ ಅನ್ನ ಕಲಸಿದ. ಮುದುಕಿ ಸ್ವಲ್ಪ ಹೊತ್ತು ಅಂಚು ಬಿಡಲಿಲ್ಲ. ‘ಅಂಗೂ ಕೇಳ್ಬೌದಾ?’ ಎಂದಳು. ಆಮೇಲೆ, ‘ನಮ್ಮಣ್ಣ ಇನ್ನೂ ಅವ್ನೆ. ಅವನ್ ಕಣ್ ಮುಚ್ಚೋದ್ರೊಳ್ಗೆ ಕೇಳ್ಬುಡ್ಬೇಕು’ ಎಂದು ಪಲ್ಯಕ್ಕೆ ಕೈ ಹಾಕಿದಳು.

ಕೈ ತೊಳೆಯುವ ಕಡೆ ಅವನು ಅಕ್ಕನ ಹತ್ತಿರ ಬಂದ. ಮುಖ ಕೆಂಪಗಿತ್ತು. ‘ಎಲ್ಲಾರ್ ಮುಂದೆ ಅಂಗಂದ್ಯಲ್ಲ ದೊಡ್ಡತ್ತೆ. ಈಗ ಆವತ್ತಿಗೆ ನಾನೇನ್ ತರ್ಲಿ? ತವ್ರೋರು ಬರಿಗೈಲಿ ಬಂದ್ರು ಅಂತ ಊರು ಉಗಿಯಾಕಿಲ್ವಾ?’

‘ಬರಿಗೈಲೇ ಬಾ ಕಣ್ಲಾ’ ಎಂದಳು ಅಕ್ಕ. ‘ಎತ್ತಕ್ಕೆ ಕೈ ಬೇಕಲ್ಲ.’

ಅವನು ಕೊಳಾಯಿ ತಿರುಗಿಸಿ ಬಹಳ ಹೊತ್ತು ಕೈ ತೊಳೆದ.

ಇಷ್ಟಾದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಮದುವೆಯ ಆಲ್ಬಂ ಬಂದಾಗ ನೋಡಿದೆ. ಮನೆಯವರೆಲ್ಲ ನಿಂತ ದೊಡ್ಡ ಫೋಟೊದಲ್ಲಿ ಅಕ್ಕ ಇಲ್ಲ. ಅವಳು ಊಟಕ್ಕೆ ಹೋಗಿದ್ದಾಗ ತೆಗೆದರಂತೆ.

ಮೊನ್ನೆ ಅದೇ ಸೊಸೆ ಕೌದಳ್ಳಿಯಿಂದ ಫೋನು ಮಾಡಿದಳು. ‘ಚಿಕ್ಕಮ್ಮ, ಅತ್ತೆ ಆ ಪಟ್ಟೆ ಸೀರೆ ಉಟ್ಕಂಡು ಸೊಸೈಟಿಗೆ ಹೋಗವ್ರೆ. ಅಕ್ಕಿ ತರಕ್ಕೆ. ನೀವೇ ಹೇಳಿ.’

ಇದಕ್ಕೆ ಮಾತ್ರ ನಾನು ಸೊಸೆಯ ಕಡೆ. ಪಟ್ಟೆ ಸೀರೆ ಉಟ್ಟು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದೇ? ಮರುದಿನ ಬೆಳಗಿನ ಬಸ್ಸಿಗೇ ಹೋದೆ. ಅಕ್ಕ ಜಗಲಿಯಲ್ಲಿ ಅದೇ ಸೀರೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಂಚಿನಲ್ಲಿ ಅಕ್ಕಿ ಮೂಟೆಯ ಧೂಳು, ಕೆಳಗೆ ಫಾಲು ಕಿತ್ತು ಜೋತಾಡುತ್ತಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರುಮಾಡಿದೆ. ಯಾವುದಕ್ಕೆ ಯಾವುದು ಉಡಬೇಕು, ರೇಷ್ಮೆಗೆ ಬೆವರು ತಗುಲಿದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಅವಳು ಸುಲಿಯುತ್ತಲೇ ಇದ್ದಳು.

‘ಹರಿದುಹೋಗುತ್ತೆ ಅಕ್ಕ!’

‘ಅರೀಲಿ ಕಣಮ್ಮಿ. ಬೇಲಿ ಮ್ಯಾಲೆ ಅರಿಯೋದು ನನ್ ಮೈಮ್ಯಾಲೆ ಅರೀಲಿ.’

ನಾನು ಅವಳ ಪಕ್ಕದಲ್ಲಿ ಕೂತು, ಆ ಫಾಲು ಕಿತ್ತ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡೆ. ‘ಸೂಜಿ ಕೊಡು. ಕೆಂಪು ದಾರ. ಮನೆಯಲ್ಲಿ ಕೆಂಪು ದಾರವಾದರೂ ಇದೆಯೋ ಇಲ್ಲವೋ?’ ಎಂದು ಸೊಸೆಯನ್ನು ಕೂಗಿದೆ.