ಗೇರುಕಾಯಿಯ ಗುರುತು

ನನಗೆ ಮೂಗಿನ ತುದಿಯಲ್ಲೇ ಕೋಪ. ವಯಸ್ಸಾದ ಮೇಲೆ ಸ್ವಲ್ಪ ಇಳಿದಿದೆ ಎಂದು ಮಕ್ಕಳು ಹೇಳುತ್ತಾರೆ. ಸೊಸೆಯನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಐವತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ಶಿವಮೊಗ್ಗದ ದುರ್ಗಿಗುಡಿಯಿಂದ ಭದ್ರಾವತಿಯ ಜನ್ನಾಪುರಕ್ಕೆ ಬಂದ ಹೊಸದರಲ್ಲಿ, ಆ ಕೋಪದ ಜೊತೆಗೆ ಎಸ್ಸೆಸ್ಸೆಲ್ಸಿ ಪಾಸಾದ ಜಂಬವೂ ಇತ್ತು.

ನಮ್ಮ ಯಜಮಾನರು ಕಾರ್ಖಾನೆಯೊಂದರಲ್ಲಿ ಮೂರು ವರ್ಷದಿಂದ ಹಂಗಾಮಿ ಕೆಲಸಗಾರರು. ಈ ಕತೆ ನಡೆದ ವಾರ ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರು ಬಂದು, ಸೋಮವಾರ ಬೆಳಿಗ್ಗೆ ಡಾಕ್ಟರ ಪರೀಕ್ಷೆಗೆ ಹಾಜರಾಗಬೇಕೆಂದು ಚೀಟಿ ಸಿಕ್ಕಿತ್ತು. ಅಂಗಿ ಬಿಚ್ಚಿಸಿ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ, ಚರ್ಮದ ರೋಗ ಇದ್ದವರನ್ನು ಅಲ್ಲಿಂದಲೇ ವಾಪಸು ಕಳಿಸುತ್ತಾರೆ ಎಂದು ಬೀದಿಯಲ್ಲೆಲ್ಲ ಮಾತು.

ಗುರುವಾರ ಬೆಳಿಗ್ಗೆ ಅವರ ಕತ್ತಿನ ಹಿಂಭಾಗ ಕೆಂಪಗೆ ದಪ್ಪಗಾಗಿತ್ತು. ಸಂಜೆಗೆ ಅಲ್ಲಿ ನೀರ್ಗುಳ್ಳೆ ಎದ್ದಿತು. ಸೊಂಟದ ಮೇಲೂ ಅಂಥದ್ದೇ ಒಂದು ಪಟ್ಟಿ ಮೂಡಿತು. ಹಿಂದಿನ ಭಾನುವಾರ ಅವರು ಹಿತ್ತಲ ಬೇಲಿಯ ಕಳ್ಳಿ ಕಡಿದಿದ್ದರು. ಕಳ್ಳಿಹಾಲು ಸಿಡಿದಿದೆ ಎಂದು ಅತ್ತೆ ತೀರ್ಮಾನಿಸಿದರು. ಬಿಸಿನೀರಿನಲ್ಲಿ ತೊಳೆದು ಬೇವಿನಸೊಪ್ಪು, ಅರಿಸಿನ ಅರೆದು ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಹಚ್ಚಿದೆ. ಶುಕ್ರವಾರಕ್ಕೆ ಇನ್ನಷ್ಟು ಹರಡಿತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿ ಹೋದರು. ಅತ್ತೆ ಒಳಗೆ ಬಂದವರೇ ದೇವರ ಮುಂದೆ ಕೂತುಬಿಟ್ಟರು. ಕುಷ್ಠ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಮೂವರ ತಲೆಯಲ್ಲೂ ಅದೇ ಇತ್ತು.

ಅವತ್ತು ಸಂಜೆ ಲೇಪ ತೊಳೆಯಲೆಂದು ಅವರ ಅಂಗಿಯ ಕಾಲರನ್ನು ಹಿಂದಕ್ಕೆ ಮಡಿಸಿದೆ. ಒಳಮಗ್ಗುಲಲ್ಲಿ, ಮಡಿವಾಳರ ಹಳೆಯ ಗುರುತಿನ ಪಕ್ಕ, ಹೊಸ ಕಪ್ಪು ಗುರುತು: ಒಂದು ಗೀಟು, ಅದರ ಕೆಳಗೆ ಎರಡು ಚುಕ್ಕೆ. ಕತ್ತಿನ ಮೇಲೆ ಸರಿಯಾಗಿ ಅದೇ ಜಾಗದಿಂದ ಗುಳ್ಳೆ ಶುರುವಾಗಿತ್ತು. ಪಂಚೆಯ ತುದಿ ನೋಡಿದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಡೆ ಅಲ್ಲೂ ಅದೇ ಗುರುತು. ಆ ಗುರುತುಗಳನ್ನು ಹಾಕಿದವಳು ನಾನೇ.

ತಿಂಗಳ ಹಿಂದೆ, ನಮ್ಮ ತಂದೆ ಮದುವೆಯಲ್ಲಿ ಅಳಿಯನಿಗೆ ಕೊಟ್ಟಿದ್ದ ಬಿಳಿ ಪಾಪ್ಲಿನ್ ಅಂಗಿ ಕಾಣೆಯಾಗಿತ್ತು. ನಮ್ಮ ಬೀದಿಗೆಲ್ಲ ಬಟ್ಟೆ ಒಗೆಯುತ್ತಿದ್ದ ಮಡಿವಾಳಮ್ಮನ ಮೇಲೆ ನಾನು ಹರಿಹಾಯ್ದೆ. ಬಾಗಿಲಲ್ಲೇ, ನಾಲ್ಕು ಜನ ಕೇಳುವ ಹಾಗೆ, ನೀನೇ ಕದ್ದಿದ್ದೀಯ ಎಂದೆ. ಆಕೆ ನನ್ನ ತಾಯಿಯ ವಯಸ್ಸಿನವಳು. "ಆ ಅಂಗಿ ನನ್ ಕೈಗೇ ಬಂದಿಲ್ಲ ಅಮ್ಮಾರೆ," ಎಂದಷ್ಟೇ ಹೇಳಿ ಗಂಟು ಹೊತ್ತು ಹೋದಳು. ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಿರಲಿಲ್ಲ.

ಗುಳ್ಳೆ ಎದ್ದ ವಾರದ ಸೋಮವಾರ ತವರಿಗೆ ಹೋದಾಗ ಅಂಗಿ ಸಿಕ್ಕಿತು. ಹಿಂದಿನ ಸಲ ಬಂದಾಗ ನನ್ನ ಸೀರೆಗಳ ನಡುವೆ ಸೇರಿಕೊಂಡು ಬಂದು, ಅಮ್ಮನ ಬೀರುವಿನಲ್ಲೇ ಉಳಿದಿತ್ತು. ಸಿಕ್ಕಿತು ಎಂದು ಹೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಮನೆಗೆ ತಂದು ಟ್ರಂಕಿನ ತಳದಲ್ಲಿ ಅಡಗಿಸಿಟ್ಟೆ. ಸಾಲದ್ದಕ್ಕೆ, ಬರುವಾಗ ಶಿವಮೊಗ್ಗದಲ್ಲಿ ನಾಟಿ ಔಷಧಿ ಮಾರುವ ಗ್ರಂಧಿಗೆ ಅಂಗಡಿಯಿಂದ ನಾಲ್ಕು ಗೇರುಕಾಯಿ ಕೊಂಡುಕೊಂಡೆ. ಗೋಡಂಬಿ ಬಿಡುವ ಗೇರಲ್ಲ. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕಾಡಿನ ಕರಿಗೇರು. ಅದರ ಸೊನೆಯ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ. ಹೊಸ ಮಡಿವಾಳನನ್ನು ಗೊತ್ತುಮಾಡುವ ಮೊದಲು ನಾನೇ ಗುರುತು ಹಾಕಿಬಿಟ್ಟರೆ ಇನ್ನು ಕಳ್ಳತನದ ಮಾತೇ ಇಲ್ಲ ಎಂದು ನನ್ನ ಲೆಕ್ಕ. ಕಳ್ಳತನ ಆಗೇ ಇಲ್ಲ ಎಂದು ನನಗೊಬ್ಬಳಿಗೆ ಗೊತ್ತಿದ್ದೂ ಈ ನಾಟಕ. ಮಂಗಳವಾರ ಅತ್ತೆ ಮಧ್ಯಾಹ್ನ ಅಡ್ಡಾದಾಗ ಸೂಜಿಯಲ್ಲಿ ಕಾಯಿ ಚುಚ್ಚಿ, ಯಜಮಾನರ ಅಂಗಿ ಪಂಚೆಗಳಿಗೆಲ್ಲ ಬರೆದು, ತಣ್ಣೀರಲ್ಲಿ ಜಾಲಿಸಿ ಒಣಹಾಕಿದ್ದೆ.

ಈಗ ಅತ್ತೆಗೆ ಹೇಳಬೇಕಿತ್ತು. ಹೇಳಲಿಲ್ಲ. ಗೇರು ಎಂದರೆ ಯಾಕೆ ತಂದೆ ಎಂದು ಕೇಳುತ್ತಾರೆ, ಯಾಕೆ ಎಂದು ಹೊರಟರೆ ಅಂಗಿಯ ಸುದ್ದಿ ಹೊರಗೆ ಬರುತ್ತದೆ. ಶನಿವಾರ ಬೆಳಿಗ್ಗೆ ಯಜಮಾನರು ನಾನು ಗುರುತು ಹಾಕಿದ ಇನ್ನೊಂದು ಅಂಗಿ ತೊಟ್ಟು ಕೆಲಸಕ್ಕೆ ಹೊರಟಾಗಲೂ ಸುಮ್ಮನೆ ನಿಂತಿದ್ದೆ. ಒಂದು ಕೈಯಲ್ಲಿ ಔಷಧಿ ಹಚ್ಚಿ ಇನ್ನೊಂದು ಕೈಯಲ್ಲಿ ವಿಷದ ಬಟ್ಟೆ ಕೊಡುತ್ತಿದ್ದೆ. ಆ ಬೆಳಿಗ್ಗೆ ನೆನಪಾದರೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯವಾಗುತ್ತದೆ.

ಮಧ್ಯಾಹ್ನ ಮನೆಗೆ ಬಂದವರು ಅಂಗಿ ಬಿಚ್ಚಲಾರದೆ ನಿಂತರು. ಗುಳ್ಳೆ ಒಡೆದು ಬಟ್ಟೆ ಅಂಟಿಕೊಂಡಿತ್ತು. ನಾನು ನೀರು ಚಿಮುಕಿಸಿ ಬಿಡಿಸುತ್ತಿದ್ದಾಗ ಅವರು ಗೋಡೆ ನೋಡಿಕೊಂಡೇ ಹೇಳಿದರು, "ಸೋಮವಾರ ನಾನು ಹೋಗಲ್ಲ ಬಿಡು. ಎಲ್ರ ಮುಂದೆ ವಾಪಸ್ ಕಳಿಸಿದ್ರೆ ತಡ್ಕೊಳಕ್ಕಾಗಲ್ಲ."

ಕಾಯಂ ಆಗಲೆಂದು ಜ್ವರ ಬಂದರೂ ರಜೆ ಹಾಕದೆ ದುಡಿದ ಮನುಷ್ಯ. ನಾನು ಚಪ್ಪಲಿಯನ್ನೂ ಮೆಟ್ಟದೆ ಕೆರೆಯ ಕಡೆ ಓಡಿದೆ.

ಮಡಿವಾಳಮ್ಮ ಮನೆಯ ಮುಂದೆ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆಯ ಕೆಳಗೆ ಸೌದೆ ನೂಕುತ್ತಿದ್ದಳು. ನನ್ನನ್ನು ನೋಡಿಯೂ ಏಳಲಿಲ್ಲ. ಗೇರುಕಾಯಿಯ ವಿಷಯ, ಗುಳ್ಳೆಯ ವಿಷಯ, ಸೋಮವಾರದ ವಿಷಯ ಒಂದೇ ಉಸಿರಿನಲ್ಲಿ ಹೇಳಿದೆ. ಅಂಗಿ ಸಿಕ್ಕಿದ ವಿಷಯ ಮಾತ್ರ ಬಿಟ್ಟೆ.

"ಗುರುತಿನ ಮೇಲೆ ಸುಣ್ಣ ಹಚ್ಚಿದ್ರಾ?" ಎಂದು ಕೇಳಿದಳು.

ಸುಣ್ಣ ಹಚ್ಚಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಮಡಿವಾಳರು ಗುರುತು ಹಾಕಿದ ಕೂಡಲೇ ಒದ್ದೆ ಸುಣ್ಣ ಬಳಿದು, ಬಿಸಿಲಿಗೆ ಹಾಕಿ, ಉಬ್ಬೆಯಲ್ಲಿ ಬೇಯಿಸಿದ ಮೇಲೆಯೇ ಬಟ್ಟೆಯನ್ನು ಮನೆಗಳಿಗೆ ಕೊಡುತ್ತಿದ್ದರಂತೆ. ಬಿಸಿನೀರಲ್ಲಿ ತೊಳೆದೆ ಎಂದಾಗ ಲೊಚಗುಟ್ಟಿದಳು. ಬಿಸಿ ಸೋಕಿದಷ್ಟೂ ಅದು ಕೆರಳುತ್ತದೆ ಎಂದಳು. ಆಮೇಲೆ ಎದ್ದು ಏರಿಯ ಮೇಲಿನ ಹುಣಸೇಮರದಿಂದ ಎಳೆಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಂಡಳು. ಅವಳು ಮುಂದೆ, ನಾನು ಹಿಂದೆ ನಮ್ಮ ಮನೆಗೆ ನಡೆದೆವು.

ಮನೆಯಲ್ಲಿ ತಣ್ಣೀರಿನಿಂದ ತೊಳೆಸಿ, ಹುಣಸೆಸೊಪ್ಪನ್ನು ನುಣ್ಣಗೆ ಅರೆಸಿ, ಆಗ ತಾನೇ ಹಿಂಡಿದ ತೆಂಗಿನಹಾಲಿನಲ್ಲಿ ಕಲಸಿ ಹಚ್ಚಿಸಿದಳು. ಒಣಗುತ್ತ ಬಂದ ಹಾಗೆ ಮತ್ತೆ ತೆಂಗಿನಹಾಲು ಸವರಬೇಕು. ಯಜಮಾನರು ಎರಡು ದಿನದಲ್ಲಿ ಮೊದಲ ಸಲ ಭುಜ ಸಡಿಲ ಬಿಟ್ಟರು. ಇದು ಗೇರಿನ ಸೊನೆ ಎಂದು ಮಡಿವಾಳಮ್ಮ ಹೇಳಿದಾಗಿನಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಗೇರು ಯಾರು ತಂದಿದ್ದು ಮಾರಾಯ್ತಿ?"

ನಾನೇ ಎಂದೆ. ಅವರು ಮುಂದಿನ ಪ್ರಶ್ನೆ ಕೇಳುವ ಮೊದಲೇ ಮಡಿವಾಳಮ್ಮ ಬಾಯಿ ಹಾಕಿದಳು.

"ಆ ಬಟ್ಟೆ ಒಂದೂ ಇವ್ರ ಮೈಗೆ ಸೋಕಬಾರ್ದು. ಎಲ್ಲಾ ನಂಗೆ ಕೊಡಿ, ಉಬ್ಬೆಗೆ ಹಾಕ್ತೀನಿ. ಸೋಮವಾರದೊಳಗೆ ಆಗಲ್ಲ. ನೀವು ಗುರುತು ಹಾಕದೆ ಇರೋ ಅಂಗಿ ಒಂದಾದ್ರೂ ಇದೆಯಾ ಅಮ್ಮಾರೆ?"

ಇತ್ತು. ಒಂದೇ ಒಂದು ಇತ್ತು. ಬೇರೆಯವರಲ್ಲಿ ಕೇಳೋಣವೆಂದರೆ, ಕುಷ್ಠದ ಅನುಮಾನ ಬಿದ್ದ ಮನೆಗೆ ಅಂಗಿ ಯಾರು ಕೊಡುತ್ತಾರೆ? ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಯಜಮಾನರ ಕತ್ತು ಕಣ್ಣಿಗೆ ಬಿತ್ತು. ಒಳಗೆ ಹೋಗಿ ಟ್ರಂಕಿನ ತಳದಿಂದ ಪಾಪ್ಲಿನ್ ಅಂಗಿ ತೆಗೆದು ತಂದು, ಅತ್ತೆಯ ಮುಂದೆ, ಯಜಮಾನರ ಮುಂದೆ, ಮಡಿವಾಳಮ್ಮನ ಕೈಗೆ ಕೊಟ್ಟೆ. ಆಕೆ ಅಂಗಿಯನ್ನು ಬಿಡಿಸಿ, ಕಾಲರಿನ ಒಳಮಗ್ಗುಲು ತಿರುಗಿಸಿ ನೋಡಿದಳು. ಅವಳ ಮನೆಗೆ ಹೋದ ಬಟ್ಟೆಗಿರುವ ಯಾವ ಗುರುತೂ ಅಲ್ಲಿರಲಿಲ್ಲ. ಅದನ್ನು ಅತ್ತೆಗೂ ಕಾಣುವಂತೆ ಒಂದು ಗಳಿಗೆ ಹಿಡಿದು, ಮತ್ತೆ ಮಡಿಸಿ, ಇಸ್ತ್ರಿ ಮಾಡಿ ತರುತ್ತೇನೆ ಎಂದು ಹೊರಟಳು.

ಸೋಮವಾರದ ಹೊತ್ತಿಗೆ ಗುಳ್ಳೆ ಪೂರ್ತಿ ಮಾಯವಾಗಿರಲಿಲ್ಲ. ನೀರು ಸೋರುವುದು ನಿಂತು, ಬಾವು ಇಳಿದು, ಕಪ್ಪು ಕಲೆ ಉಳಿದಿತ್ತು. ಡಾಕ್ಟರು ಅಲ್ಲಿಗೆ ಸೂಜಿಮೊನೆ ತಾಗಿಸಿದಾಗ ಇವರು ಹೌಹಾರಿದರಂತೆ. ಕುಷ್ಠವಾಗಿದ್ದರೆ ಚುಚ್ಚಿದ್ದು ತಿಳಿಯುತ್ತಿರಲಿಲ್ಲ, ಸ್ಪರ್ಶಜ್ಞಾನ ಚೆನ್ನಾಗಿಯೇ ಇದೆ, ಇದೇನು ಎಂದು ಕೇಳಿ, ಗೇರು ಎಂದ ಮೇಲೆ ನಕ್ಕು ರುಜು ಹಾಕಿದರಂತೆ.

ಅದೇ ವಾರದ ಗುರುವಾರ ಮಡಿವಾಳಮ್ಮ ಮತ್ತೆ ಬಟ್ಟೆ ಒಯ್ಯಲು ಬಂದಳು. ಪಾಪ್ಲಿನ್ ಅಂಗಿಯನ್ನು ಗಂಟಿನ ಮೇಲಿಟ್ಟು, ತಪ್ಪಾಯಿತು ಎಂದೆ. ಮೊದಲು ಮೆಲ್ಲಗೆ ಅಂದೆ. ಕದ್ದಿದ್ದೀಯ ಎಂದು ಕೂಗಿದ್ದು ಇದೇ ಬಾಗಿಲಲ್ಲಿ ಎಂದು ನೆನಪಾಗಿ, ಬೀದಿಗೆ ಕೇಳುವ ಹಾಗೆ ಇನ್ನೊಮ್ಮೆ ಅಂದೆ. ಈ ಅಂಗಿಗೂ ನಿನ್ನ ಗುರುತು ಹಾಕು ಎಂದೆ.

ಆಕೆ ಗಂಟು ಬಿಗಿದಳು. "ಇದಕ್ಕೆ ಗುರುತು ಬೇಡ ಬಿಡಿ ಅಮ್ಮಾರೆ. ಇದನ್ನ ನಾನು ಸಾಯೋತನಕ ಮರೆಯಲ್ಲ."